ಬಿಳಿ ಚುಕ್ಕೆ ರೋಗ: ಉಪ್ಪು, ಶಾಖ ಮತ್ತು ನಲ್ಲಿ ನೀರಿನ ಸರದಿ

ಭಾನುವಾರ

ನಮ್ಮ ಮನೆಯ ಮೀನಿನ ತೊಟ್ಟಿಯಲ್ಲಿ ಪ್ಲಾಟಿಗಳ ಬಾಲದ ಮೇಲೆ ಯಾರೋ ರವೆ ಉದುರಿಸಿದಂತೆ ಬಿಳಿ ಕಾಳುಗಳು. ನಿಯಾನ್ ಟೆಟ್ರಾಗಳ ಮೇಲೂ ಅಲ್ಲೊಂದು ಇಲ್ಲೊಂದು ಕಾಣುತ್ತಿವೆ. ಗಪ್ಪಿಗಳು ಕಲ್ಲಿಗೆ ಮೈ ಉಜ್ಜಿ ಚಂಗನೆ ಓಡುತ್ತಿವೆ. ಹಳದಿ ಬಣ್ಣದ ನಯವಾದ ಪುಡಿ ಮೈಗೆ ಲೇಪವಾಗಿದ್ದರೆ ವೆಲ್ವೆಟ್ ರೋಗವೆಂದು ಅನುಮಾನಿಸಬೇಕಿತ್ತು. ಇವು ಎಣಿಸಲು ಬರುವ ಬಿಡಿ ಕಾಳುಗಳು, ಆದ್ದರಿಂದ ಇಕ್, ಅಂದರೆ ಬಿಳಿ ಚುಕ್ಕೆ ರೋಗ. ಇದನ್ನು ತರುವ ಪರಾವಲಂಬಿಯ ಪೂರ್ತಿ ಹೆಸರು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಯಿಸ್. ಏಕಕೋಶ ಜೀವಿಯಾದರೂ ಪೂರ್ತಿ ಬೆಳೆದಾಗ ಸುಮಾರು 1 ಮಿಲಿಮೀಟರ್ ಮುಟ್ಟುತ್ತದೆ. ಒಂದೇ ಒಂದು ಕೋಶ ಬರಿಗಣ್ಣಿಗೆ ಕಾಣುವುದು ಎಲ್ಲೆಡೆ ಸಿಗುವ ದೃಶ್ಯವಲ್ಲ. ನನ್ನ ತೊಟ್ಟಿಯಲ್ಲೇ ಸಿಗಬೇಕಿರಲಿಲ್ಲ ಅಷ್ಟೆ.

ಬಂದದ್ದು ಎಲ್ಲಿಂದ ಎಂಬುದು ಸ್ಪಷ್ಟ. ಪಕ್ಕದ ಮನೆಯವರಿಗೆ ಬಳ್ಳಾರಿಗೆ ವರ್ಗವಾಯಿತು. ಲಾರಿ ಹೊರಡುವ ಹೊತ್ತಿಗೆ ತಮ್ಮ ಪ್ಲಾಟಿಗಳನ್ನು ಬಕೆಟ್‌ನಲ್ಲಿ ತಂದಿಟ್ಟು, "ನಿಮ್ಮಲ್ಲೇ ಇರಲಿ" ಎಂದು ಹೊರಟರು. ಇದರ ಜೊತೆಗೆ ಚಳಿ. ಡಿಸೆಂಬರ್ ಮುಂಜಾವಿನಲ್ಲಿ ನಮ್ಮ ವಿದ್ಯಾನಗರದ ಮನೆಯ ತೊಟ್ಟಿಯ ನೀರು 22 ಡಿಗ್ರಿಗೆ ಇಳಿದಿತ್ತು. ಚಳಿ ಪರಾವಲಂಬಿಯನ್ನು ಹುಟ್ಟಿಸುವುದಿಲ್ಲ, ಆದರೆ ಮೀನಿನ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ.

ಸೋಮವಾರ

ಅಂಗಡಿಯವರು ನೀಲಿ ದ್ರವದ ಸಣ್ಣ ಬಾಟಲಿ ಮುಂದಿಟ್ಟರು. "ಹತ್ತು ಹನಿ ಬಿಡಿ ಸರ್, ನಾಳೆಗೇ ಚುಕ್ಕೆ ಮಾಯ." ಒಳಗೆ ಏನಿದೆ ಎಂದು ಚೀಟಿಯ ಮೇಲೆ ಒಂದಕ್ಷರವೂ ಇಲ್ಲ. ಮೆಥಿಲೀನ್ ಬ್ಲೂ ಆಗಿದ್ದರೆ ಫಿಲ್ಟರ್‌ನಲ್ಲಿ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಕ್ಕೆ ಪೆಟ್ಟು. ಮ್ಯಾಲಕೈಟ್ ಗ್ರೀನ್ ಇಕ್‌ಗೆ ಕೆಲಸ ಮಾಡುತ್ತದೆ ನಿಜ, ಆದರೆ ತಿನ್ನುವ ಮೀನಿಗೆ ಬಳಸಬಾರದೆಂದು ಹಲವು ದೇಶಗಳು ನಿಷೇಧಿಸಿರುವ ವಸ್ತು ಅದು. ತಾಮ್ರವಿದ್ದರೆ ನನ್ನ ಬಸವನಹುಳುಗಳು ಉಳಿಯುವುದಿಲ್ಲ. ಬಾಟಲಿ ಬೇಡವೆಂದು ಬಂದೆ.

"ನಾಳೆಗೇ" ಎಂಬ ಮಾತಂತೂ ಆಗದ ಮಾತು. ಕಣ್ಣಿಗೆ ಕಾಣುವ ಚುಕ್ಕೆ ಮೀನಿನ ಚರ್ಮದ ಅಡಿಯಲ್ಲಿ ಕೂತು ಮೇಯುತ್ತಿರುವ ಹಂತ. ಅಲ್ಲಿಗೆ ನೀರಿಗೆ ಹಾಕಿದ ಯಾವ ಔಷಧವೂ ಸರಿಯಾಗಿ ತಲುಪುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ತಾನೇ ಕಳಚಿಕೊಂಡು ಕೆಳಗೆ ಬೀಳುತ್ತದೆ, ಕಲ್ಲಿಗೋ ಗಿಡಕ್ಕೋ ಅಂಟಿ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಆಗಲೂ ಔಷಧ ನಾಟುವುದಿಲ್ಲ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು ಮರಿಗಳಾಗಿ ಒಡೆದು ಹೊರಬರುತ್ತವೆ. ಈಜುತ್ತಾ ಮೀನನ್ನು ಹುಡುಕುವ ಈ ಮರಿಗಳಿಗೆ ಇರುವ ಆಯುಸ್ಸು ಒಂದೆರಡು ದಿನ. ಮೀನು ಸಿಗದಿದ್ದರೆ ಸಾವು. ನಮಗೆ ಹೊಡೆಯಲು ಸಿಗುವುದು ಇದೊಂದೇ ಹಂತ. ಚಕ್ರ ಪೂರ್ತಿ ಸುತ್ತಲು 25 ಡಿಗ್ರಿಯ ಆಸುಪಾಸಿನಲ್ಲಿ ವಾರದೊಳಗಿನ ಸಮಯ ಸಾಕು. 10 ಡಿಗ್ರಿಯಲ್ಲಿ ತಿಂಗಳು ದಾಟುತ್ತದೆ. ನೀರು ಬಿಸಿ ಮಾಡುವುದು ಇದಕ್ಕಾಗಿ: ಚಕ್ರ ಬೇಗ ತಿರುಗಿ ಎಲ್ಲವೂ ಬಯಲಿಗೆ ಬರಲಿ ಎಂದು. 30 ಡಿಗ್ರಿ ದಾಟಿದರೆ ಹೆಚ್ಚಿನ ತಳಿಗಳ ಸಂತಾನವೇ ನಿಲ್ಲುತ್ತದೆ. ಶಾಖ ತಡೆದುಕೊಳ್ಳುವ ತಳಿಗಳೂ ಇರುವುದರಿಂದ ಜೊತೆಗೆ ಉಪ್ಪು.

ಇನ್ನು ಲೆಕ್ಕ. ಮಂಡಿಪೇಟೆಯಲ್ಲಿ ಲೆಕ್ಕ ಬರೆದೇ ಹೊಟ್ಟೆ ಹೊರೆಯುವವನು ನಾನು, ಅಂದಾಜಿನಲ್ಲಿ ಉಪ್ಪು ಸುರಿಯಲಾರೆ. ತೊಟ್ಟಿ 90 ಸೆಂಟಿಮೀಟರ್ ಉದ್ದ, 30 ಅಗಲ, ನೀರಿನ ಎತ್ತರ 33. ಗುಣಿಸಿದರೆ 89 ಲೀಟರ್. ಜಲ್ಲಿ, ಬಂಡೆ ಕಳೆದು 80 ಎಂದಿಟ್ಟುಕೊಂಡೆ. ಲೀಟರಿಗೆ 1ರಿಂದ 3 ಗ್ರಾಂ ಸಾಮಾನ್ಯ ಪ್ರಮಾಣ. ತಳದಲ್ಲಿರುವ ಕೋರಿಡೋರಸ್ ಮೀನುಗಳಿಗೆ ಉಪ್ಪು ಅಷ್ಟಾಗಿ ಒಗ್ಗದ ಕಾರಣ 2 ಗ್ರಾಮಿಗೆ ನಿಲ್ಲಿಸುತ್ತೇನೆ. ಒಟ್ಟು 160 ಗ್ರಾಂ ಕಲ್ಲುಪ್ಪು, ಅರ್ಧ ಇಂದು, ಅರ್ಧ ನಾಳೆ. ಬೇರೆ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಫಿಲ್ಟರ್ ಬಾಯಿಯ ಬಳಿ ನಿಧಾನವಾಗಿ ಬಿಟ್ಟೆ. ಹೀಟರ್ ಹಾಕಿದ್ದೇನೆ, ನಾಳೆ ರಾತ್ರಿಯ ಹೊತ್ತಿಗೆ 30 ಮುಟ್ಟಿದರೆ ಸಾಕು, ಒಮ್ಮೆಲೇ ಏರಿಸುವುದಿಲ್ಲ.

ಅಮ್ಮ ಅಡುಗೆಮನೆಯಿಂದಲೇ ನೋಡಿದರು: "ಉಪ್ಪು ಹಾಕಿದೆ, ಬಿಸಿಗೂ ಇಟ್ಟೆ. ಹುಣಸೆಹಣ್ಣು ಬೇಕಾದರೆ ಡಬ್ಬಿಯಲ್ಲಿದೆ."

ಬುಧವಾರ, ನೀರು ಬಂದ ದಿನ

ನಮ್ಮ ಬೀದಿಗೆ ನಲ್ಲಿ ನೀರು ದಿನವೂ ಬರುವುದಿಲ್ಲ. ತುಂಗಭದ್ರೆಯದೋ ಕುಂದವಾಡ ಕೆರೆಯದೋ, ಬಂದ ದಿನ ಸಂಪು ತುಂಬಿಸಿಕೊಳ್ಳಬೇಕು. ಆದ್ದರಿಂದ ಚಿಕಿತ್ಸೆಯ ವೇಳಾಪಟ್ಟಿ ನನ್ನದಲ್ಲ, ನಲ್ಲಿಯದು. ಬೋರ್‌ವೆಲ್ ನೀರು ಇದೆ, ಆದರೆ ಗಡಸು. ಮೀನು ಈಗಾಗಲೇ ನರಳುತ್ತಿರುವಾಗ ನೀರಿನ ಗುಣವನ್ನೂ ಬದಲಿಸಲು ನನಗೆ ಇಷ್ಟವಿಲ್ಲ. ಎರಡು ಬಕೆಟ್ ತುಂಬಿಸಿ, ಕ್ಲೋರಿನ್ ಹೋಗಲೆಂದು ಒಂದರಲ್ಲಿ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟು ತೆರೆದಿಟ್ಟಿದ್ದೇನೆ. ನಾಳೆ ಬಳಕೆಗೆ.

ಗುರುವಾರ

ಚುಕ್ಕೆ ಹೆಚ್ಚಾಗಿವೆ. ಶಾಖಕ್ಕೆ ಒಳಗಿದ್ದವೆಲ್ಲ ಬೇಗ ಬಲಿತು ಕಾಣಿಸಿಕೊಂಡಿವೆ, ಇದು ಆಗಬೇಕಾದದ್ದೇ. ಆದರೆ ಎರಡು ನಿಯಾನ್‌ಗಳು ಸತ್ತಿವೆ. ಮೈಮೇಲೆ ಹೆಚ್ಚು ಚುಕ್ಕೆ ಇರಲಿಲ್ಲ, ಉಸಿರಾಟ ಮಾತ್ರ ನಿನ್ನೆಯಿಂದ ಬಿರುಸಾಗಿತ್ತು. ಕಿವಿರಿಗೆ ಹತ್ತಿರಬೇಕು. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ 7.6ಕ್ಕೆ ಇಳಿಯುತ್ತದೆ, ಮೀನಿಗೆ ಬೇಕಾದದ್ದು ಮಾತ್ರ ಹೆಚ್ಚುತ್ತದೆ. ಎರಡನೆಯ ಏರ್ ಸ್ಟೋನ್ ಇಳಿಬಿಟ್ಟೆ, ಊಟ ಅರ್ಧಕ್ಕೆ ಇಳಿಸಿದೆ.

ಹೀಟರ್ ಪ್ಲಗ್ ಕಿತ್ತು, ಜಲ್ಲಿಯ ಸಂದುಗಳಿಂದ ಪೈಪ್ ಹಾಕಿ 20 ಲೀಟರ್ ಎಳೆದೆ. ಕೆಳಗೆ ಬಿದ್ದ ಗೂಡುಗಳಲ್ಲಿ ಒಂದಷ್ಟಾದರೂ ಇದರೊಂದಿಗೆ ಹೋಗುತ್ತವೆ. ಹಾಕುವ 20 ಲೀಟರಿಗೆ ಒಲೆಯ ಮೇಲಿನ ಬಿಸಿನೀರು ಬೆರೆಸಿ ಹದ ಮಾಡಿ, 40 ಗ್ರಾಂ ಉಪ್ಪು ಸೇರಿಸಿದೆ. ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಉಪ್ಪು ಸೇರಿಸಬಾರದು, ಉಪ್ಪು ಆವಿಯಾಗುವುದಿಲ್ಲ. ತೆಗೆದ ನೀರು ಎಂದಿನಂತೆ ದಾಸವಾಳದ ಗಿಡಕ್ಕಲ್ಲ, ಬಚ್ಚಲಿಗೆ.

ಸಂಜೆ ಕರೆಂಟ್ ಹೋಯಿತು. ಏರ್ ಪಂಪ್ ಇನ್ವರ್ಟರ್ ಮೇಲಿದೆ, ಹೀಟರ್ ಇಲ್ಲ. ಮೂರು ಬದಿಗೆ ಕಂಬಳಿ ಹೊದಿಸಿದೆ. ಕರೆಂಟ್ ಬರುವ ಹೊತ್ತಿಗೆ ಇಳಿದದ್ದು ಒಂದೇ ಡಿಗ್ರಿ.

ಮುಂದಿನ ಮಂಗಳವಾರ

ಮೈಮೇಲೆ ಚುಕ್ಕೆ ಕಾಣುತ್ತಿಲ್ಲ. ಕೋರಿಡೋರಸ್‌ಗಳು ತಳ ಕೆದಕುತ್ತಿವೆ. ಕಬೊಂಬಾ ಎಲೆ ಉದುರಿಸಿ ಬೋಳಾಗಿದೆ, ಜಾವಾ ಫರ್ನ್‌ಗೆ ಏನೂ ಆಗಿಲ್ಲ.

ಅಂಗಡಿಯವರ ಹನಿ ಕೊನೆಗೊಳ್ಳುವುದು ಇಲ್ಲೇ. ಚುಕ್ಕೆ ಹೋಯಿತೆಂದು ನಿಲ್ಲಿಸುತ್ತಾರೆ, ಮತ್ತೆ ಬಂದಾಗ "ಇಕ್ ಪ್ರತಿ ತೊಟ್ಟಿಯಲ್ಲೂ ಮಲಗಿರುತ್ತದೆ" ಎನ್ನುತ್ತಾರೆ. ಮೀನಿಲ್ಲದೆ ಬದುಕಲಾರದ ಜೀವಿ ತೊಟ್ಟಿಯಲ್ಲಿ ಸುಮ್ಮನೆ ಮಲಗುವುದು ಹೇಗೆ? ಉಳಿದರೆ ಉಳಿಯುವುದು ಕಿವಿರಿನೊಳಗೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಹಾಗಾಗಿ 30 ಡಿಗ್ರಿಯೂ ಉಪ್ಪೂ ಇನ್ನೊಂದು ವಾರ ಹೀಗೇ.

ಕೆಳಗಿನ ಮನೆಯ ಹುಡುಗ ತನ್ನ ಗೋಲ್ಡ್‌ಫಿಶ್‌ಗೆಂದು ನನ್ನ ಬಲೆ ಕೇಳಿದ. ಕೊಡಲಿಲ್ಲ. ಒಣಗಿಸಿದ ಮೇಲೆ ಕೊಡುತ್ತೇನೆ ಎಂದೆ. ಅವನ ಅಜ್ಜಿಗೆ ಇದು ಮನುಷ್ಯರಿಗೆ ಹತ್ತುತ್ತದೆಯೇ ಎಂಬ ಚಿಂತೆ, ಹತ್ತುವುದಿಲ್ಲ.

ಅದರ ಮುಂದಿನ ಬುಧವಾರ

ಹೀಟರ್ ಅನ್ನು ದಿನಕ್ಕೆ ಒಂದೊಂದು ಡಿಗ್ರಿಯಂತೆ 26ಕ್ಕೆ ಇಳಿಸುತ್ತಿದ್ದೇನೆ. ಉಪ್ಪು ತೆಗೆಯಲು ಬೇರೆ ಉಪಾಯವಿಲ್ಲ, ನಲ್ಲಿ ಬಂದಾಗಲೆಲ್ಲ 20 ಲೀಟರ್ ತೆಗೆದು ಸಪ್ಪೆ ನೀರು ಹಾಕುವುದು. ಮೊದಲ ಸಲಕ್ಕೆ 2 ಗ್ರಾಂ ಇದ್ದದ್ದು 1.5 ಆಗುತ್ತದೆ, ಆಮೇಲೆ 1.1. ಇನ್ನೊಂದು ಸ್ಪಂಜ್ ಫಿಲ್ಟರ್ ತಂದು ಇದೇ ತೊಟ್ಟಿಯ ಮೂಲೆಯಲ್ಲಿ ಓಡಲು ಬಿಟ್ಟಿದ್ದೇನೆ. ಬ್ಯಾಕ್ಟೀರಿಯಾ ಹಿಡಿದ ಮೇಲೆ ಅದನ್ನು ಹಳೆಯ ಪ್ಲಾಸ್ಟಿಕ್ ಟಬ್‌ಗೆ ಹಾಕುತ್ತೇನೆ. ಇನ್ನು ಯಾರು ಬಕೆಟ್ ತಂದಿಟ್ಟರೂ ಆ ಮೀನುಗಳು ತಿಂಗಳು ಪೂರ್ತಿ ಅಲ್ಲೇ ಇರುತ್ತವೆ.