ಮಲಗಿದ್ದು ಮಾನಿಟರೋ, ಮಷಿನ್ನೋ?

ಕಲಬುರಗಿ, 27 ಏಪ್ರಿಲ್ 2025, ಭಾನುವಾರ

ಬಿಸಿಲು ಏರಿತೆಂದರೆ ಈ ಊರಿನಲ್ಲಿ ಡೆಸ್ಕ್‌ಟಾಪ್‌ಗಳದ್ದು ಒಂದೇ ದೂರು: ‘ಸಿಪಿಯು ಭಾಳ ಕಾಯ್ತದ್ರೀ, ಹತ್ತ್ ನಿಮಿಷಕ್ಕ ತಾನ ಸ್ಲೀಪಿಗೆ ಹೋಗ್ತದ.’ ಇವತ್ತು ಬಿಚ್ಚಿಟ್ಟಿರುವುದೂ ಅಂಥದ್ದೇ. ಐ5-9400 ಪ್ರೊಸೆಸರ್, ಅದರ ಡಬ್ಬಿಯಲ್ಲೇ ಬಂದ ಫ್ಯಾನ್.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮಲಗಿದ್ದು ಯಾವುದು ಅನ್ನುವುದು ಇತ್ಯರ್ಥವಾಗಬೇಕು. ಪರದೆ ಕಪ್ಪಾದಾಗ ಕೀಬೋರ್ಡಿನ ನಮ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ವಿಂಡೋಸ್ ಎಚ್ಚರವಾಗಿದೆ, ಚಿತ್ರ ಮಾತ್ರ ಮಾನಿಟರಿಗೆ ಮುಟ್ಟುತ್ತಿಲ್ಲ. ಕೇಬಲ್ಲು, ಗ್ರಾಫಿಕ್ಸ್ ಕಾರ್ಡು ನೋಡಬೇಕು. ಫ್ಯಾನ್ ತಿರುಗುತ್ತಿದ್ದರೂ ನಮ್ ಲಾಕ್ ಅಲುಗದಿದ್ದರೆ ಹ್ಯಾಂಗ್. ಫ್ಯಾನ್ ನಿಂತು ಪವರ್ ದೀಪ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಅದು ನಿಜವಾದ ಸ್ಲೀಪ್. ಎಲ್ಲವೂ ಆರಿದ್ದರೆ ಮಷಿನ್ ಆಫ್ ಆಗಿದೆ. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ತೋರಿಸಿ ತಾನು ಮಲಗಿರುತ್ತದೆ. ಬಹಳ ಜನ ಸ್ಲೀಪ್ ಅನ್ನುವುದು ಇದನ್ನೇ.

ಮತ್ತೆ ಆನ್ ಮಾಡಿದ ಕೂಡಲೇ ವಿಂಡೋಸಿನ ದಿನಚರಿ ತೋರಿಸುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್‌ನಲ್ಲಿ ಕರ್ನಲ್-ಪವರ್ ಸಾಲುಗಳನ್ನು ಹುಡುಕಿ, ಅವುಗಳ ಈವೆಂಟ್ ಐಡಿ ಸಂಖ್ಯೆ ನೋಡಿ. 42 ಇದ್ದರೆ ವಿಂಡೋಸ್ ಲೆಕ್ಕವಿಟ್ಟೇ ಮಲಗಿದೆ, ಕಾರಣವನ್ನೂ ಅಲ್ಲೇ ಬರೆದಿರುತ್ತದೆ. ‘ಸಿಸ್ಟಮ್ ಐಡಲ್’ ಎಂದಿದ್ದರೆ ಪವರ್ ಆಪ್ಷನ್ಸ್‌ನಲ್ಲಿ ಸ್ಲೀಪ್ ಸಮಯ ಬದಲಿಸಿದರೆ ಸಾಕು. ‘ಬಟನ್ ಆರ್ ಲಿಡ್’ ಎಂದಿದ್ದರೆ ಕ್ಯಾಬಿನೆಟ್ಟಿನ ಸ್ವಿಚ್ ಧೂಳಿಗೆ ಅಂಟಿಕೊಂಡಿರಬಹುದು, ಇಲ್ಲವೇ ಕೀಬೋರ್ಡಿನ ಸ್ಲೀಪ್ ಕೀ ಸಿಕ್ಕಿಕೊಂಡಿರಬಹುದು. 41 ಅಂದರೆ ಸರಿಯಾಗಿ ಶಟ್ ಡೌನ್ ಆಗದೆ ನಿಂತಿದೆ ಅಂತ ಅಷ್ಟೇ; ಕಾವೋ, ಎಸ್‌ಎಂಪಿಎಸ್ಸೋ (ಮಷಿನ್ನಿಗೆ ಕರೆಂಟು ಕೊಡುವ ಡಬ್ಬಿ), ಕರೆಂಟು ಹೋಗಿದ್ದೋ ಅದು ಹೇಳುವುದಿಲ್ಲ. 86 ಇದ್ದರೆ ಅನುಮಾನವೇ ಬೇಡ, ಕಾವು ಮಿತಿ ಮೀರಿ ಬಂದ್ ಆಗಿದೆ.

ಈ ಮಷಿನ್ನಿನಲ್ಲಿ ಸಾಲಾಗಿ 41. ಮುಂದಿನ ಸುಳಿವು ಕಾವು ತೋರಿಸುವ ಎಚ್‌ಡಬ್ಲ್ಯೂ ಮಾನಿಟರ್ ಎಂಬ ಸಾಫ್ಟ್‌ವೇರ್‌ನಲ್ಲಿ ಸಿಗುತ್ತದೆ. ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಹೇಗೆ ಏರುತ್ತದೆ ಅನ್ನುವುದನ್ನು ನೋಡಬೇಕು. ಲೋಡ್ (ಭಾರೀ ಕೆಲಸ) ಕೊಟ್ಟ ಎರಡು-ಮೂರು ಸೆಕೆಂಡಿನಲ್ಲೇ 60ರಿಂದ 95ಕ್ಕೆ ಜಿಗಿದರೆ ಕಾವು ಹೀರುವ ಲೋಹದ ಹೀಟ್‌ಸಿಂಕ್ ಪ್ರೊಸೆಸರಿಗೆ ಸರಿಯಾಗಿ ಕೂತಿಲ್ಲ. ಹತ್ತು-ಹದಿನೈದು ನಿಮಿಷ ನಿಧಾನಕ್ಕೆ ಹತ್ತಿದರೆ ಗಾಳಿಯ ತೊಂದರೆ: ಧೂಳು, ಮುಚ್ಚಿದ ಕ್ಯಾಬಿನೆಟ್. ಇದು ಜಿಗಿಯಿತು. 100 ಡಿಗ್ರಿ ಮುಟ್ಟಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಷ್ಟಕ್ಕೂ ಕಾವು ನಿಲ್ಲದಿದ್ದರೆ ಸುಟ್ಟುಹೋಗದಿರಲೆಂದು ಪವರ್ ಕಡಿಸುತ್ತದೆ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು, ಪಕ್ಕದ ಹಲಗೆ ತೆಗೆದಾಗ ಕಂಡದ್ದು: ಫ್ಯಾನ್ ಮೇಲೆ ಕ್ಲೀನು, ಅದರ ಕೆಳಗೆ ಅಲ್ಯೂಮಿನಿಯಂ ಎಸಳುಗಳ ಬಾಯಿಗೆ ಕಂಬಳಿಯಂಥ ಬೂದು ಪದರ. ಅಗರಬತ್ತಿ ಹೊಗೆ, ಒಗ್ಗರಣೆ ಜಿಡ್ಡು ಸೇರಿದ ಧೂಳು ಬ್ಲೋಯರಿಗೆ ಜಗ್ಗುವುದಿಲ್ಲ, ಹಳೆ ಟೂತ್‌ಬ್ರಶ್ಶೇ ಬೇಕು. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿಯಿರಿ; ಗಾಳಿಯ ರಭಸಕ್ಕೆ ಗಿರ್ರನೆ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಅಸಲಿ ತಪ್ಪು ಧೂಳಿನಲ್ಲಿರಲಿಲ್ಲ, ಪಿನ್‌ನಲ್ಲಿತ್ತು. ಹೀಟ್‌ಸಿಂಕನ್ನು ಮದರ್‌ಬೋರ್ಡಿಗೆ ಹಿಡಿದಿಡುವ ನಾಲ್ಕು ಪುಶ್ ಪಿನ್‌ಗಳಲ್ಲಿ ಒಂದು ಮೇಲೆದ್ದು, ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎತ್ತಿತ್ತು. ಬಹಳ ಕಡೆ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟ್ ಬದಲಿಸಿ ಕಳಿಸಿಬಿಡುತ್ತಾರೆ, ಪಿನ್ ನೋಡುವುದಿಲ್ಲ. ಪಿನ್ ಬಿಡಿಸಲು ಅದರ ತಲೆಯ ಬಾಣದ ದಿಕ್ಕಿಗೆ ತಿರುಗಿಸಿ ಮೇಲೆಳೆಯಬೇಕು. ಕೂರಿಸುವ ಮೊದಲು ನಾಲ್ಕನ್ನೂ ವಾಪಸ್ ತಿರುಗಿಸಿ, ಮೂಲೆಯಿಂದ ಎದುರು ಮೂಲೆಗೆ ಎರಡೆರಡಾಗಿ ‘ಟಕ್’ ಅನ್ನುವವರೆಗೆ ಒತ್ತಬೇಕು. ಸದ್ದನ್ನು ನಂಬಿ ಬಿಡಬೇಡಿ. ಮದರ್‌ಬೋರ್ಡಿನ ಹಿಂಬದಿಗೆ ಟಾರ್ಚ್ ಬಿಟ್ಟು ನೋಡಿ: ನಾಲ್ಕೂ ಕಡೆ ಪ್ಲಾಸ್ಟಿಕ್ ಕಾಲು ಅಗಲವಾಗಿ, ನಡುವೆ ಕಪ್ಪು ಕಡ್ಡಿ ಪೂರ್ತಿ ಇಳಿದಿರಬೇಕು. ಕಾಲು ಮುರಿದಿದ್ದರೆ ಅಂಟು ಹಾಕಿ ಪ್ರಯೋಜನವಿಲ್ಲ, ಪಿನ್ನೇ ಬದಲಿಸಬೇಕು.

ಹಳೇ ಪೇಸ್ಟ್ ಸುಣ್ಣದ ಹಕ್ಕಳೆಯಂತಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಎರಡೂ ಮೈ ಹೊಳೆಯುವಂತೆ ಒರೆಸಿ, ಹೊಸದನ್ನು ನಡುವೆ ಒಂದು ತೊಗರಿಬೇಳೆಯಷ್ಟು ಇಟ್ಟರೆ ಸಾಕು. ಹೀಟ್‌ಸಿಂಕ್ ಒತ್ತಡವೇ ಅದನ್ನು ಹರಡುತ್ತದೆ. ಫ್ಯಾನ್ ವೈರ್ ‘ಸಿಪಿಯು ಫ್ಯಾನ್’ ಎಂದು ಬರೆದ ಕಡೆಯೇ ಹೋಗಬೇಕು.

ಕೋಣೆ 36 ಡಿಗ್ರಿ ಇರುವಾಗ ಈಗ ಸುಮ್ಮನಿದ್ದರೆ 47, ಅರ್ಧ ಗಂಟೆ ಪೂರ್ತಿ ಲೋಡಿಗೆ 81. ಈ ಬಿಸಿಲಿಗೆ ಇದು ಒಳ್ಳೆಯ ಅಂಕಿಯೇ. ಹೀಟ್‌ಸಿಂಕ್ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಕೋಣೆ 24ರಿಂದ 38ಕ್ಕೆ ಏರಿದರೆ ಪ್ರೊಸೆಸರೂ ಸುಮಾರು ಅಷ್ಟೇ 14 ಡಿಗ್ರಿ ಏರುತ್ತದೆ. ಡಿಸೆಂಬರಿನಲ್ಲಿ ತೆಪ್ಪಗಿದ್ದ ಸಡಿಲ ಪಿನ್ ಏಪ್ರಿಲಿನಲ್ಲಿ ಬಯಲಾಗುವುದು ಹೀಗೆ.

ಮನೆಗೆ ಒಯ್ದ ಮೇಲೆ ಇದನ್ನು ಕಂಪ್ಯೂಟರ್ ಟೇಬಲ್ಲಿನ ಗೂಡಿನೊಳಗೆ ತಳ್ಳಿ ಬಾಗಿಲು ಹಾಕಬಾರದು. ಹಿಂದೆ ಒಂದು ಗೇಣು ಜಾಗ ಬೇಕು. ಸದ್ಯಕ್ಕೆ ಬಿಚ್ಚಲು ಆಗದವರು ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟನ್ನು 99 ಪರ್ಸೆಂಟ್ ಮಾಡಿಡಿ. ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರಿನ ಹೆಚ್ಚುವರಿ ಓಟ) ನಿಂತು ಕಾವು ಇಳಿಯುತ್ತದೆ, ಪಿನ್ ಸರಿಮಾಡಿಸುವವರೆಗೆ ಕೆಲಸ ಸಾಗುತ್ತದೆ.