ಅಗ್ಗದ ಪಿಕಪ್ ಒಳ್ಳೆಯದಾ, ಅಣ್ಣಾ?

"ಅಣ್ಣಾ, ಅಗ್ಗದ ಸಿಂಗಲ್ ಕಾಯಿಲ್ ಪಿಕಪ್ ಒಳ್ಳೆಯದಾ? ಒಂದೇ ಮಾತಲ್ಲಿ ಹೇಳಿ."

ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಮದುವೆ ಊಟದ ಮಧ್ಯೆ ಕೇಳುತ್ತಾರೆ. ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಕೇಳುತ್ತಾರೆ. ನಾನು ಗಿಟಾರ್ ರಿಪೇರಿ ಮಾಡುವವನು, ಕೇಳುವುದರಲ್ಲಿ ತಪ್ಪಿಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಕೂತು, ಅವುಗಳ ಸದ್ದನ್ನು ಹಿಡಿದು ಆಂಪ್ಲಿಫೈಯರ್‌ಗೆ (ಆಂಪ್‌ಗೆ) ಕಳಿಸುವ ಭಾಗವೇ ಪಿಕಪ್. ಒಂದೇ ಸುರುಳಿಯದಾದರೆ ಸಿಂಗಲ್ ಕಾಯಿಲ್. ನನಗೆ ಸಿಟ್ಟು ಬರುವುದು ಆ 'ಒಂದೇ ಮಾತಲ್ಲಿ'ಗೆ. ನಿಮ್ಮ ತೋಟದ ರೊಬಸ್ಟಾ ಕಾಫಿ ಹೇಗಿದೆ ಅಂತ ಒಂದೇ ಮಾತಲ್ಲಿ ಹೇಳಿ ನೋಡೋಣ. ತೇವ ಎಷ್ಟಿದೆ, ಔಟ್‌ಟರ್ನ್, ಅಂದರೆ ಒಣಗಿದ ಕಾಯಿಯಿಂದ ಸಿಗುವ ಬೀಜ, ಎಷ್ಟು ಬರುತ್ತದೆ ಅಂತ ನೋಡದೆ ಯಾವ ವ್ಯಾಪಾರಿಯೂ ದರ ಹೇಳುವುದಿಲ್ಲ. ಪಿಕಪ್‌ಗೆ ಮಾತ್ರ ಯಾಕೆ ಈ ಅವಸರ?

ಸರಿ, ಒಂದು ಮಾತು ತಗೊಳ್ಳಿ: ಕೆಲವು ಒಳ್ಳೆಯವೇ. ಯಾವುದು ಅಂತ ಬೆಲೆ ನೋಡಿ ಗೊತ್ತಾಗುವುದಿಲ್ಲ.

ಒಂದು ಪಿಕಪ್ ಒಳಗೆ ಏನಿದೆ? ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ. 1954ರ ಸ್ಟ್ರಾಟೋಕಾಸ್ಟರ್‌ನಲ್ಲಿ (ಫೆಂಡರ್ ಕಂಪನಿಯ ಹೆಸರಾಂತ ಗಿಟಾರ್, ಚಿಕ್ಕದಾಗಿ ಸ್ಟ್ರಾಟ್) ಇದ್ದದ್ದೂ ಇಷ್ಟೇ. 42 ಗೇಜ್ ತಂತಿ, ಹತ್ತಿರ ಹತ್ತಿರ 8,000 ಸುತ್ತು. ಅಗ್ಗದ್ದನ್ನು ತಿರುಗಿಸಿ ಅಡಿ ನೋಡಿ. ಕಪ್ಪು ಪಟ್ಟಿಯಂಥ ಅಯಸ್ಕಾಂತ ಅಂಟಿಸಿದ್ದರೆ ಅದು ಸೆರಾಮಿಕ್. ಮೇಲೆ ಕಾಣುವ ಆರು ಕಂಬಗಳು ಬರೀ ಉಕ್ಕು. ಪಟ್ಟಿ ಇಲ್ಲದೆ ಕಂಬಗಳೇ ಅಯಸ್ಕಾಂತವಾಗಿದ್ದರೆ ಅಲ್ನಿಕೋ, ಅಂದರೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆಸಿದ ಲೋಹ. ಸೆರಾಮಿಕ್ ಅಂದ ಕೂಡಲೇ ಮುಖ ಸಿಂಡರಿಸಬೇಡಿ. ಸ್ವಲ್ಪ ಚುರುಕಾದ ಸದ್ದು, ಅಷ್ಟೇ. ಅದನ್ನೇ ಇಷ್ಟಪಡುವ ಕಿವಿಗಳೂ ಇವೆ.

ಮಲ್ಟಿಮೀಟರನ್ನು 20 ಕಿಲೋ ಓಮ್‌ಗೆ ಇಟ್ಟು ಎರಡು ವೈರ್ ಮುಟ್ಟಿಸಿ. 5.5ರಿಂದ 7ರ ಒಳಗೆ ಬಂದರೆ ಸಾಮಾನ್ಯ ಸ್ಟ್ರಾಟ್ ಪಿಕಪ್. ಏನೂ ಬರದಿದ್ದರೆ ಒಳಗೆ ತಂತಿ ತುಂಡಾಗಿದೆ. ಆದರೆ ಈ ಅಂಕಿಯನ್ನು ಹಿಡಿದುಕೊಂಡು ಜಗಳಕ್ಕೆ ಬರಬೇಡಿ. "ಡಬ್ಬದ ಮೇಲೆ 6.3 ಅಂತಿದೆ, ಇಲ್ಲಿ 6 ತೋರಿಸ್ತಿದೆ, ಮೋಸ" ಅಂತ ಒಬ್ಬರು ಬಂದಿದ್ದರು. ತಾಮ್ರ ಬಿಸಿಯಾದಷ್ಟೂ ಓಮ್ ಏರುತ್ತದೆ, ಡಿಗ್ರಿಗೆ ಸುಮಾರು 0.39 ಶೇಕಡ. 30 ಡಿಗ್ರಿ ಊರಲ್ಲಿ ಅಳೆದದ್ದನ್ನು ಮಡಿಕೇರಿಯ 18 ಡಿಗ್ರಿ ಬೆಳಿಗ್ಗೆಯಲ್ಲಿ ಅಳೆದರೆ ಅಷ್ಟು ಇಳಿಯಲೇಬೇಕು.

ಆಂಪ್‌ಗೆ ಹಾಕಿ, ಪೆನ್ಸಿಲ್‌ನಿಂದ ಪಿಕಪ್ ಮೇಲೆ ಮೆಲ್ಲಗೆ ತಟ್ಟಿ. ಟಕ್ ಟಕ್ ಅಂತ ಜೋರಾಗಿ ಕೇಳಿದರೆ ಒಳಗೆ ಮೇಣ ಹಾಕಿಲ್ಲ. ಜೋರು ನುಡಿಸಿದರೆ ಕಿರುಚುತ್ತದೆ. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಸೇರಿಸಿ, ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು, 65 ಡಿಗ್ರಿ ದಾಟದಂತೆ ಕರಗಿಸಿ ಅದ್ದುತ್ತೇನೆ. ನಮ್ಮ ಕೊಡಗಿನಲ್ಲಿ ಜೇನುಮೇಣಕ್ಕೆ ಏನು ಬರ? ನೇರ ಬೆಂಕಿಯ ಮೇಲೆ ಮಾತ್ರ ಇಡಬೇಡಿ.

ಈಗ ನಾಪೋಕ್ಲು ಕಡೆಯ ಹುಡುಗನ ಕಥೆ. ಜುಲೈ ತಿಂಗಳು, ಬಿಟ್ಟೂ ಬಿಡದೆ ಮಳೆ. ಗಿಟಾರನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಬಂದ. "ಅಣ್ಣಾ, ಇದು ಮೂರನೇ ಪಿಕಪ್ ಸೆಟ್. ಇದೂ ಗುಂಯ್ ಅಂತಿದೆ. ಅಗ್ಗದ್ದೆಲ್ಲ ಹೀಗೇನಾ?" ನನ್ನ ಆಂಪ್‌ಗೆ ಹಾಕಿದೆ. ಸಿಂಗಲ್ ಕಾಯಿಲ್‌ಗೆ ಇರಬೇಕಾದಷ್ಟು ಸಣ್ಣ ಗುಂಯ್, ಅಷ್ಟೇ. ಅವನು ನಂಬಲಿಲ್ಲ. ಭಾನುವಾರ ಅವನ ಮನೆಗೇ ಹೋದೆ.

ಅಜ್ಜನ ಕಾಲದ ಮನೆ. ಗೋಡೆಯಲ್ಲಿ ಎರಡೇ ತೂತಿನ ಪ್ಲಗ್ ಪಾಯಿಂಟ್. ಆಂಪ್‌ನ ಪ್ಲಗ್ ಅದಕ್ಕೆ ಹೋಗುವುದಿಲ್ಲ ಅಂತ ದಪ್ಪ ಪಿನ್ನನ್ನೇ ಯಾರೋ ಕತ್ತರಿಸಿ ಹಾಕಿದ್ದರು. ಅರ್ಥಿಂಗೇ ಇಲ್ಲ! ಸಾಲದ್ದಕ್ಕೆ ಕರೆಂಟ್ ಹೋಗಿತ್ತು. ಆಂಪ್ ಓಡುತ್ತಿದ್ದದ್ದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ. ಆ ಸದ್ದು ಜೀರುಂಡೆಯ ಹಿಂಡಿನಂತಿತ್ತು. ನಾನು ಬೈದೆ, ಪಿಕಪ್‌ಗಲ್ಲ. ಅರ್ಥಿಂಗ್ ಇಲ್ಲದ ಆಂಪ್ ಇಟ್ಟುಕೊಂಡು ಮೈಕ್‌ಗೆ ತುಟಿ ತಾಗಿಸಿದರೆ ಶಾಕ್ ಹೊಡೆದು ಜೀವ ಹೋಗಬಹುದು. ಆ ಸೆಟ್‌ಗಳ ದುಡ್ಡು ಆ ಹುಡುಗ ಕಾಫಿ ಕುಯ್ದು ದುಡಿದದ್ದು. ನನಗೆ ಹೊಟ್ಟೆ ಉರಿಯಿತು.

ಅದಕ್ಕೇ ಹೇಳುತ್ತೇನೆ. 'ಒಳ್ಳೆಯದಾ' ಅಂತ ಕೇಳುವ ಬದಲು 'ಈ ಗುಂಯ್ ಎಲ್ಲಿಂದ ಬರ್ತಿದೆ' ಅಂತ ಕೇಳಿ. ಅದಕ್ಕಾದರೆ ಅರ್ಧ ಗಂಟೆ ಕೂತು ಉತ್ತರ ಹೇಳುತ್ತೇನೆ. ಗಿಟಾರ್ ಹಿಡಿದುಕೊಂಡು ನಿಧಾನ ತಿರುಗಿ. ಒಂದು ದಿಕ್ಕಿಗೆ ತಿರುಗಿದಾಗ ಸದ್ದು ಇಳಿದರೆ ಅದು ಟ್ಯೂಬ್‌ಲೈಟ್ ಚೋಕ್, ಅಡಾಪ್ಟರ್‌ಗಳಿಂದ ಬರುವ 50 ಹರ್ಟ್ಸ್, ಅಂದರೆ ಮನೆಯ ಕರೆಂಟಿನದೇ ಗುಂಯ್. ಎಷ್ಟೇ ದುಬಾರಿ ಸಿಂಗಲ್ ಕಾಯಿಲ್ ಹಾಕಿದರೂ ಅದು ಬರುತ್ತದೆ. ಅದನ್ನು ತಡೆಯಲೆಂದೇ ಗಿಬ್ಸನ್ ಗಿಟಾರ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಯ ಹಮ್‌ಬಕರ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು. ನುಡಿಸುವ ತಂತಿ ಮುಟ್ಟಿದ ಕೂಡಲೇ ಝುಂಯ್ ಕಡಿಮೆಯಾದರೆ ಗಿಟಾರಿನ ಒಳಗೆ ತಾಮ್ರದ ಟೇಪ್ ಅಂಟಿಸಿ, ಅರ್ಥಿಂಗ್ ನೋಡಿ. ಗಿಟಾರಿನ ಐದು ಸ್ಥಾನದ ಸ್ವಿಚ್‌ನಲ್ಲಿ ಎರಡೆರಡು ಪಿಕಪ್ ಒಟ್ಟಿಗೆ ನುಡಿಯುವ 2 ಮತ್ತು 4ನೇ ಸ್ಥಾನದಲ್ಲಿ ಗುಂಯ್ ನಿಂತರೆ ಮಧ್ಯದ ಪಿಕಪ್ ಉಲ್ಟಾ ಸುತ್ತಿದ್ದು, ಒಳ್ಳೆಯ ಲಕ್ಷಣ. ಅಲ್ಲಿ ಸದ್ದೇ ಬಡಕಲಾದರೆ ಒಂದರ ವೈರ್ ಅದಲು ಬದಲಾಗಿದೆ.

ಪಿಕಪ್‌ನ ಎತ್ತರ ಯಾರೂ ನೋಡುವುದಿಲ್ಲ. ಕೊನೆಯ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಒತ್ತಿ ಹಿಡಿದು, ತಂತಿಗೂ ಪಿಕಪ್‌ಗೂ ನಡುವೆ ದಪ್ಪ ತಂತಿಯ ಕಡೆ 2 ಮಿಲಿಮೀಟರ್, ಸಣ್ಣ ತಂತಿಯ ಕಡೆ ಸುಮಾರು 1.6 ಬಿಟ್ಟು ಶುರು ಮಾಡಿ. ಅಲ್ನಿಕೋ ಕಂಬ ತೀರಾ ಹತ್ತಿರ ಬಂದರೆ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತದೆ. ದೋಷ ಪಿಕಪ್‌ನದಲ್ಲ, ಎತ್ತರ ಹೊಂದಿಸುವ ತಿರುಪಿನದು.

ಆ ಹುಡುಗ ಹೊಸ ಮೂರು ಪಿನ್ನಿನ ಪಾಯಿಂಟ್ ಹಾಕಿಸಿದ, ಅರ್ಥ್ ಗುಂಡಿಯನ್ನೂ ತೋಡಿಸಿದ. ಆಮೇಲೆ ಮೂರೂ ಸೆಟ್‌ಗಳನ್ನು ಒಂದೇ ಗಿಟಾರಿಗೆ ಹಾಕಿ ಕೇಳಿದೆವು. ಗಿಟಾರಿನ ಜೊತೆಗೇ ಬಂದಿದ್ದ ಸೆರಾಮಿಕ್ ಸೆಟ್ಟೇ ಅವನಿಗೆ ಹಿಡಿಸಿತು. ನನಗೂ ಹಿಡಿಸಿತು. ಅದನ್ನೇ ಬೆಸೆದು ಕೊಟ್ಟೆ.

ನೀವೂ ಫೋನ್ ಮಾಡುವ ಮೊದಲು ಒಮ್ಮೆ ತಂತಿ ಮುಟ್ಟಿ, ಒಮ್ಮೆ ತಿರುಗಿ, ಪ್ಲಗ್‌ನ ಪಿನ್ ಎಣಿಸಿ. ಏನು ಕೇಳಿಸಿತು ಅಂತ ಹೇಳಿ. ಹತ್ತೂವರೆಯಾದರೂ ಎತ್ತುತ್ತೇನೆ.