‘ನ’ ಬಂದಲ್ಲೆಲ್ಲ ಪೌಂಡ್

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಒಂದು ವರ್ಷ ಬಿ.ಎ. ಹುಡುಗರಿಗಾಗಿ ನಾನೇ ಕೂತು ನೋಟ್ಸ್ ಬರೆದೆ. ಪಿಜ್ಜಾ, ಬರ್ಗರ್ ಉದಾಹರಣೆಗಳಿಗೆ ರಜೆ ಕೊಟ್ಟೆ. ಬೇಡಿಕೆ, ಪೂರೈಕೆ ಅಂದರೆ 2019ರಲ್ಲಿ ಜಿಐ ಟ್ಯಾಗ್ (ಈ ನೆಲದ್ದೇ ಬೆಳೆ ಅನ್ನುವ ಗುರುತು) ಸಿಕ್ಕ ನಮ್ಮ ತೊಗರಿ. ಕೂಲಿ ಅಂದರೆ ಶಹಾಬಾದ್ ಕಲ್ಲಿನ ಗಣಿ. ವಲಸೆ ಅಂದರೆ ಸುಗ್ಗಿ ಮುಗಿಸಿ ಮುಂಬೈ, ಪುಣೆ ಬಸ್ಸು ಹತ್ತುವ ತಾಂಡಾದ ಮಂದಿ. ಕ್ಲಾಸಿನಲ್ಲಿ ಲಂಬಾಣಿ, ದಖ್ಖನಿ ಉರ್ದು, ತೆಲುಗು, ಮರಾಠಿ ಮನೆಮಾತಿನವರು ಇದ್ದರು. ಕಷ್ಟದ ಪದಗಳಿಗೆ ಅವರ ಮನೆಯಲ್ಲಿ ಏನನ್ನುತ್ತಾರೆ ಅಂತ ಅವರನ್ನೇ ಕೇಳಿ ಸೇರಿಸಿದೆ. ಎಲ್ಲರಿಗೂ ಜಾಗ ಮಾಡಿದೆ ಅಂತ ಒಳಗೊಳಗೇ ಬೀಗಿದ್ದೂ ಹೌದು.

ಪಿಡಿಎಫ್ ಕಳಿಸಿದ ಮರುದಿನ ಒಬ್ಬ ಹುಡುಗ ಸ್ಟಾಫ್ ರೂಮಿಗೆ ಬಂದ. ಅವನಿಗೆ ಕಣ್ಣು ಕಾಣುವುದಿಲ್ಲ. ಫೋನೇ ಅವನಿಗೆ ಓದಿ ಹೇಳುತ್ತದೆ.

“ಸರ, ನಿಮ್ಮ ನೋಟ್ಸ್‌ದಾಗ ಪೌಂಡ್ ಭಾಳ ಬರ್ತಾವ್ರಿ. ಅರ್ಥಶಾಸ್ತ್ರ ಅಲ್ರಿ, ಇರಬೇಕು ಅಂತ ಸುಮ್ನ ಕೇಳ್ಕೋತ ಕುಂತಿದ್ದೆ.”

ನಾನು ಎಲ್ಲೂ ಪೌಂಡ್ ಬರೆದಿರಲಿಲ್ಲ. ಅವನು ಒಂದೊಂದೇ ಅಕ್ಷರ ಓದಿಸಿ ಕೇಳಿಸಿದ. ಪಿ, ಎ, ಪೌಂಡ್, ಎ...

ಆಗ ಹೊಳೆಯಿತು. ನಾನು ಟೈಪ್ ಮಾಡಿದ್ದು ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ. ಅದರಲ್ಲಿ ಕಣ್ಣಿಗೆ ಕಾಣುವುದಷ್ಟೇ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ‘ಕ’ ಇದ್ದಲ್ಲಿ ಪಿ, ‘ನ’ ಬಂದಲ್ಲೆಲ್ಲ ಪೌಂಡ್ ಗುರುತು. ಒಳಗೂ ಕನ್ನಡವನ್ನೇ ಇಡುವ ಯುನಿಕೋಡ್ ಆಗಿದ್ದರೆ ಫೋನ್ ಸಲೀಸಾಗಿ ಓದುತ್ತಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಅಂಗವೈಕಲ್ಯ ಇರುವವರಿಗೆ ಕನಿಷ್ಠ ಶೇ. 5ರಷ್ಟು ಸೀಟು ಇಡಬೇಕು ಅನ್ನುತ್ತದೆ. ಸೀಟಿನಲ್ಲಿ ಕೂತವನ ಕೈಗೆ ನಾನು ಕೊಟ್ಟದ್ದು ಪೌಂಡು!

ಆ ರಾತ್ರಿ ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿದೆ. ಒತ್ತಕ್ಷರಗಳು ಅಲ್ಲಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದವು. ಕೈಯಲ್ಲೇ ತಿದ್ದಿ ಮುಗಿಸುವಾಗ ರಾತ್ರಿ ಒಂದು ಗಂಟೆ ದಾಟಿತ್ತು.

ಬೆಳಿಗ್ಗೆ ಅವನದೇ ಫೋನ್. “ಈಗ ಛಲೋ ಓದ್ತದ್ರಿ. ಆದ್ರ ನಡುನಡುಕ್ ‘ಚಿತ್ರ’ ಅಂದು ಸುಮ್ನಾಗ್ತದ.”

ಅಯ್ಯೋ, ಗ್ರಾಫುಗಳು. ತೊಗರಿ ಬೆಲೆಯ ರೇಖೆ ಏರುವುದು, ಇಳಿಯುವುದು ಎಲ್ಲ ಬರೀ ಚಿತ್ರದಲ್ಲೇ ಇತ್ತು. ನಿಜ ಹೇಳಬೇಕೆಂದರೆ ಕಣ್ಣು ಕಾಣುವವರಲ್ಲೂ ಜಾಸ್ತಿ ಮಂದಿ ಅದನ್ನು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಪ್ರತಿ ಗ್ರಾಫಿನ ಕೆಳಗೆ ನಾಲ್ಕು ಸಾಲು ವಿವರಣೆ ಬರೆದೆ. ಆಮೇಲೆ ಒಂದು ರಟ್ಟಿನ ಮೇಲೆ ಸುತಳಿ ಅಂಟಿಸಿ ಬೇಡಿಕೆ, ಪೂರೈಕೆ ಎರಡೂ ರೇಖೆ ಮಾಡಿಕೊಂಡು ಹೋದೆ. ಅವೆರಡೂ ಕೂಡುವ ಜಾಗವೇ ಸಮತೋಲನ ಬಿಂದು.

ಅವನು ಬೇಡಿಕೆ ರೇಖೆಯ ಮೇಲೆ ಬೆರಳು ಇಳಿಸುತ್ತಾ ಬಂದ. ಒಂದು ಕಡೆ ನಿಂತ.

“ಇಲ್ಲಿ ಗಂಟು ಅದ. ಇದೇ ಏನ್ರಿ ಸಮತೋಲನ ಬಿಂದು?”

“ಅಲ್ಲಪ್ಪ, ಸುತಳಿ ಸಾಲಲಿಲ್ಲ. ಇನ್ನೂ ಸ್ವಲ್ಪ ಕೆಳಗೆ ಬಾ.”